ಕೊಂಬೆ ಹಾಕುವವನು

ಎಸ್ಟೇಟಿನ ಜೀಪು ಬಂದು ನಿಂತಾಗ ನಾನು ಕೋರ್ಟಿನಿಂದ ಆಗಷ್ಟೇ ವಾಪಸಾಗಿ ಕರಿಕೋಟನ್ನು ಮೊಳೆಗೆ ಸಿಕ್ಕಿಸಿದ್ದೆ. ಸಕಲೇಶಪುರದ ಮೆಣಸಿನ ವ್ಯಾಪಾರಿಯೊಬ್ಬರ ಗೋದಾಮಿನ ಮೇಲಿನ ಎರಡು ಕೋಣೆ ನನ್ನ ಮನೆಯೂ ಹೌದು, ಆಫೀಸೂ ಹೌದು. ಕೆಳಗಿನ ಘಾಟಿಗೆ ನನ್ನ ಕಕ್ಷಿದಾರರು ಸೀನುತ್ತ ಸೀನುತ್ತಲೇ ಕಷ್ಟ ಹೇಳಿಕೊಳ್ಳುತ್ತಿದ್ದರು. ಕಣ್ಣೊರೆಸಿಕೊಳ್ಳುವವರಲ್ಲಿ ಅಳುವವರು ಯಾರು, ಸೀನಿದವರು ಯಾರು ಎಂದು ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಡ್ರೈವರ್ ಮೆಟ್ಟಿಲ ಬುಡದಲ್ಲೇ ನಿಂತು ಕೂಗಿದ. “ಲಾಯರಮ್ಮ, ಮ್ಯಾನೇಜರ್ ದೊರೆಗಳು ಕಮಿಟಿ ಮಾಡವ್ರೆ. ಹೊರಗಿನೋರು ಒಬ್ರು ಹೆಂಗಸು ಬೇಕಂತೆ. ನೀವೇ ಆಗ್ಬೇಕಂತೆ.”

ನಾನೇ ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ಆಗ ನಮ್ಮ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದ ಹೆಂಗಸು ನಾನೊಬ್ಬಳೇ. ಊರಿಗೊಬ್ಬಳೇ ಪದ್ಮಾವತಿ. ವಕೀಲರ ಕೋಣೆಯಲ್ಲಿ ಕಿಟಕಿ ಹತ್ತಿರದ ಒಂದು ಕುರ್ಚಿ ನನ್ನದೆಂದು ತಾನಾಗಿಯೇ ಗೊತ್ತಾಗಿಹೋಗಿತ್ತು. ನಾನಿಲ್ಲದಾಗಲೂ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ, ನಾನಿದ್ದಾಗ ಅದರ ಪಕ್ಕದ ಕುರ್ಚಿಯಲ್ಲೂ ಯಾರೂ ಕೂರುತ್ತಿರಲಿಲ್ಲ.

ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಕಿರುಕುಳ ವಿಚಾರಿಸಲು ಒಂದು ಕಮಿಟಿ ಇರಬೇಕು, ಅದಕ್ಕೆ ಹೆಂಗಸೇ ಮುಖ್ಯಸ್ಥೆಯಾಗಿರಬೇಕು, ಹೊರಗಿನವರೊಬ್ಬರು ಅದರಲ್ಲಿರಬೇಕು ಎಂದು ದೊಡ್ಡ ಕೋರ್ಟು ಮಾರ್ಗಸೂಚಿ ಕೊಟ್ಟು ಕೆಲವು ವರ್ಷಗಳಾಗಿದ್ದವು. ಇದಕ್ಕೆಂದೇ ಒಂದು ಕಾಯ್ದೆ ಇನ್ನೂ ಬಂದಿರಲಿಲ್ಲ. ನಮ್ಮ ಸೀಮೆಯ ತೋಟಗಳಲ್ಲಿ ಇದರ ಸುದ್ದಿಯೂ ಇರಲಿಲ್ಲ. ಈ ಎಸ್ಟೇಟು ಮಾತ್ರ ದೂರದ ನಗರದ ಕಂಪನಿಯೊಂದರದು. ಅಲ್ಲಿಂದ ಯಾರೋ ಕೇಳಿದರೆಂದು ಇಲ್ಲಿ ಕಮಿಟಿ ಹುಟ್ಟಿತ್ತು. ಹುಟ್ಟಿದ ಕೂಡಲೇ ಅದಕ್ಕೊಂದು ದೂರು ಬಂದುಬಿಟ್ಟದ್ದು ಮ್ಯಾನೇಜರರ ತಲೆನೋವಾಗಿತ್ತು.

ಎಸ್ಟೇಟು ಇದ್ದದ್ದು ಬಿಸಿಲೆ ಕಡೆಯ ಗುಡ್ಡಗಳಲ್ಲಿ. ಅರೇಬಿಕಾ ಹಣ್ಣಿನ ಕೊಯ್ಲು ಜೋರಾಗಿದ್ದ ಕಾಲ. ಆಫೀಸಿನ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿ ನಮ್ಮನ್ನು ಕೂರಿಸಿದರು. ಮೂರೇ ಜನ. ಮುಖ್ಯಸ್ಥೆ ಎಸ್ಟೇಟಿನ ಡಿಸ್ಪೆನ್ಸರಿ ನೋಡಿಕೊಳ್ಳುವ ನರ್ಸಮ್ಮ, ಆಲೂರು ಕಡೆಯವರು, ಕೆಲಸ ಬಿಡುವ ವಯಸ್ಸು ಹತ್ತಿರವಾಗಿತ್ತು, ಇದ್ದ ಮನೆ ಎಸ್ಟೇಟಿನದು. ಇನ್ನೊಬ್ಬರು ಹೆಡ್ ಕ್ಲರ್ಕ್, ಅಕ್ಷರ ಮುತ್ತಿನಂತೆ ಬರೆಯುವ ಮನುಷ್ಯ. ಮೂರನೆಯವಳು ನಾನು. ಮ್ಯಾನೇಜರ್ ಬಾಗಿಲಲ್ಲಿ ನಿಂತು, “ಇದು ಸಣ್ಣ ವಿಷಯ ಮೇಡಂ, ನೀವು ದೊಡ್ಡದು ಮಾಡಬಾರದು,” ಎಂದು ನಕ್ಕು ಹೋದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ದೂರು ಕೊಟ್ಟವಳು ಆಲೂರು ತಾಲ್ಲೂಕಿನ ಪಾಳ್ಯದವಳು. ಜೊತೆಯ ಆಳುಗಳೂ ಅವಳನ್ನು ಪಾಳ್ಯದವಳು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಗಂಡ ಬಿಟ್ಟುಹೋಗಿದ್ದ. ಮಗಳು ಆಲೂರಿನ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳು. ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಒಂದು ಕೋಣೆ ಇವಳಿಗೆ ಸಿಕ್ಕಿತ್ತು. ಕುರ್ಚಿಯ ತುದಿಯಲ್ಲಿ ಕೂತು ಆಕೆ ನೇರವಾಗಿ ಹೇಳಿದಳು. ಗ್ಯಾಂಗಿನ ಮೇಸ್ತ್ರಿ ನಾನು ಕೊಯ್ಯುವ ಸಾಲಿಗೆ ಪದೇ ಪದೇ ಬರುತ್ತಾನೆ. ಗಿಡ ಬಗ್ಗಿಸಿ ಕೊಡುವ ನೆಪದಲ್ಲಿ ಮೈ ಮುಟ್ಟುತ್ತಾನೆ. ಒಂದು ದಿನ ಸೊಂಟಕ್ಕೆ ಕೈ ಹಾಕಿದ, ಹಣ್ಣಿನ ಚೀಲದಿಂದ ಮುಖಕ್ಕೆ ಬಾರಿಸಿದೆ.

“ಆವತ್ತಿಂದ ನಂಗೆ ಕೊಂಬೆ ಹಾಕ್ಲಿಲ್ಲ ಕಣಮ್ಮ,” ಎಂದಳು. “ಆಮೇಲೆ ನಾಕೈದ್ ದಿನ ಹಾಕ್ದ, ಅದೂ ಹಳ್ಳದ ಕಡೆ ಕೊನೇ ಸಾಲು. ಅಲ್ಲಿ ಕೂಗಿದ್ರೂ ಯಾರ್ಗೂ ಕೇಳಕ್ಕಿಲ್ಲ.”

ಕೊಂಬೆ ಎಂದರೆ ಸೌದೆ ಎಂದುಕೊಂಡೆ. ಲೈನಿನವರಿಗೆ ನೆರಳುಮರ ಸವರಿದ ಕೊಂಬೆಗಳನ್ನು ಉರುವಲಿಗೆ ಕೊಡುವ ರೂಢಿಯಿತ್ತು. ಸಿಟ್ಟಿಗೆ ಸೌದೆ ನಿಲ್ಲಿಸಿದ್ದಾನೆ ಎಂದು ತಿಳಿದು ಮುಂದಕ್ಕೆ ಹೋದೆ.

ಆಗ ಹೆಡ್ ಕ್ಲರ್ಕ್ ಪೆನ್ನು ಎತ್ತಿ ಕೇಳಿದರು. “ಮೇಸ್ತ್ರಿ ನಿನ್ನ ಮೇಲ್ವಿಚಾರಕನೋ?”

ಪಾಳ್ಯದವಳು ಆ ಪದವನ್ನು ಬಾಯೊಳಗೆ ಒಮ್ಮೆ ಹೊರಳಿಸಿ ನೋಡಿದಳು. “ಅಯ್ಯೋ, ಇಲ್ಲ ಕಣಪ್ಪ. ಅವ್ನೂ ನಮ್ಮಂಗೇ ಕೂಲಿ. ಅಷ್ಟು ದೊಡ್ಡ ಮನ್ಷ ಆದ್ರೆ ಬೂಟು ಹಾಕ್ತಿರ್ಲಿಲ್ವ?”

“ಇಲ್ಲ,” ಎಂದು ಹೆಡ್ ಕ್ಲರ್ಕ್ ಮುತ್ತಿನಂತೆ ಬರೆದುಕೊಂಡರು. ಪ್ರಶ್ನೆಯನ್ನು ಬಿಡಿಸಿ ಕೇಳಿ ಎಂದು ನಾನು ಜಗಳವಾಡಿದೆ. ಸಾಕ್ಷಿ ಸ್ಪಷ್ಟವಾಗಿದೆಯಲ್ಲ ಮೇಡಂ, ಎಂದರು. ನರ್ಸಮ್ಮ ಕಿಟಕಿಯಾಚೆ ನೋಡುತ್ತಿದ್ದರು.

ಆ ‘ಇಲ್ಲ’ದ ಬೆಲೆ ಏನೆಂದು ಸಂಜೆಯೊಳಗೆ ಗೊತ್ತಾಯಿತು. ಮ್ಯಾನೇಜರರ ವಾದ ಸರಳವಾಗಿತ್ತು. ಮೇಸ್ತ್ರಿ ಎಸ್ಟೇಟಿನ ಸಿಬ್ಬಂದಿಯಲ್ಲ, ಆಳು ಕರೆತರುವವನು. ಯಾರನ್ನೂ ಕೆಲಸಕ್ಕೆ ಸೇರಿಸಲಾರ, ತೆಗೆಯಲಾರ, ಕೂಲಿ ಹೆಚ್ಚಿಸಲಾರ, ಕಡಿಮೆ ಮಾಡಲಾರ. ಅವನು ಸಾಮಾನ್ಯ ಕೂಲಿ. ಕೂಲಿ ಕೂಲಿಗಳ ಜಗಳಕ್ಕೆ ಎಸ್ಟೇಟು ಹೊಣೆಯಲ್ಲ. ಇಬ್ಬರಿಗೂ ಬುದ್ಧಿ ಹೇಳಿ, ಹೆಂಗಸನ್ನು ಬೇರೆ ಗ್ಯಾಂಗಿಗೆ ಕಳಿಸಿದರಾಯಿತು. ಕೊಯ್ಲಿನ ನಡುವೆ ಯಾವ ಗ್ಯಾಂಗೂ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೆಲಸವಿಲ್ಲದವರಿಗೆ ಲೈನಿನಲ್ಲಿ ಕೋಣೆಯೂ ಇಲ್ಲ. ಬುದ್ಧಿ ಇಬ್ಬರಿಗೆ, ಗಂಟು ಕಟ್ಟುವುದು ಮಾತ್ರ ಪಾಳ್ಯದವಳು.

ಮೇಸ್ತ್ರಿಯನ್ನೂ ಕರೆಸಿ ಕೇಳಿದೆವು. ತಲೆಗೆ ಮಫ್ಲರ್ ಸುತ್ತಿದ ಸಣಕಲು ಮನುಷ್ಯ. ಮುಟ್ಟಿದ್ದು ಸುಳ್ಳು ಎಂದ. ಹಳ್ಳದ ಸಾಲಿಗೆ ಹೋಗುತ್ತಿದ್ದದ್ದು ನಿಜವೇ ಎಂದರೆ, “ಹೋಗ್ದೆ ಏನು? ಕೆಲ್ಸ ನೋಡಕ್ಕೆ ಹೋಗಿದ್ದೆ,” ಎಂದ. ಅವನು ದಿನಾ ಅಲ್ಲಿಗೆ ಇಳಿಯುತ್ತಿದ್ದುದನ್ನು, ಪಾಳ್ಯದವಳು ಒಮ್ಮೆ ಅಳುತ್ತ ಮೇಲೆ ಬಂದದ್ದನ್ನು ಕಂಡೆನೆಂದು ಗ್ಯಾಂಗಿನ ಹಿರಿಯ ಹೆಂಗಸೊಬ್ಬಳು ಹೇಳಿದಳು. ಹೇಳಿದವಳು ನಮ್ಮ ಮುಖ ನೋಡದೆ ಹೊರಟುಹೋದಳು.

ಮುಂದಿನ ಬೈಠಕ್ಕಿನ ತನಕ ನಾನು ಪುಸ್ತಕ ಮಗುಚಿದೆ. ಹಾಸನದ ಹಿರಿಯ ವಕೀಲರೊಬ್ಬರ ಕಪಾಟಿನಿಂದ ಕಾರ್ಮಿಕ ಕಾನೂನಿನ ಹಳೆಯ ತೀರ್ಪುಗಳನ್ನು ಎರವಲು ತಂದೆ. ಮೇಲ್ವಿಚಾರಕ ಯಾರು ಎಂಬ ಪ್ರಶ್ನೆ ಅವುಗಳಲ್ಲಿ ಬೇಕಾದಷ್ಟಿತ್ತು, ಆದರೆ ಎಲ್ಲ ತಲೆಕೆಳಗು. ಅಲ್ಲಿ ಕೋರ್ಟಿಗೆ ಹೋದವರೆಲ್ಲ ತಾವು ಮೇಲ್ವಿಚಾರಕರಲ್ಲ, ಬರೀ ಕೆಲಸಗಾರರು ಸ್ವಾಮಿ ಎಂದು ಗೋಳಾಡಿದವರು. ಕೆಲಸಗಾರ ಎನಿಸಿಕೊಂಡರೆ ಮಾತ್ರ ಕಾನೂನಿನ ರಕ್ಷಣೆ ಸಿಗುತ್ತಿತ್ತು. ಅವರ ಮೇಲೆ ಕರುಣೆ ತೋರಿದ ನ್ಯಾಯಾಧೀಶರು ಮೇಲ್ವಿಚಾರಕ ಎಂಬ ಪದವನ್ನು ಹಿಂಡಿ ಹಿಂಡಿ ಸಣ್ಣದು ಮಾಡಿಟ್ಟಿದ್ದರು. ಯಾರದೋ ಅನ್ನ ಉಳಿಸಲು ಹೊಲಿದ ಅಂಗಿ, ಈಗ ನಮ್ಮ ಮೇಸ್ತ್ರಿಗೆ ಸರಿಯಾಗಿ ಒಪ್ಪುತ್ತಿತ್ತು.

ಭಾನುವಾರ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತಾಗ, ನಮ್ಮವರೇ ಆದ ಪ್ಲಾಂಟರೊಬ್ಬರು ಕೊಂಕಣಿಯಲ್ಲಿ ನಗುತ್ತಲೇ ಕೇಳಿದರು, “ಏನು ತಂಗಿ, ತೋಟದವರನ್ನೆಲ್ಲ ಜೈಲಿಗೆ ಹಾಕಿಸುತ್ತೀಯಂತೆ?” ಉಳಿದವರೂ ನಕ್ಕರು. ನಾನೂ ನಕ್ಕೆ. ಕಾಫಿಗೆ ಬಾ ಎಂದು ಅವತ್ತು ಯಾರೂ ಕರೆಯಲಿಲ್ಲ. ಕೋಣೆಗೆ ಬಂದು ಮಾರ್ಗಸೂಚಿಯನ್ನು ಮತ್ತೆ ಓದಲು ಕೂತೆ. ನನಗೆ ಆ ಮಧ್ಯಾಹ್ನ ಬಹಳ ಒಂಟಿ ಅನ್ನಿಸಿತು. ಸರಿಯೋ ತಪ್ಪೋ ಎಂದು ಕೇಳಿಕೊಳ್ಳಲು ಒಬ್ಬರಾದರೂ ಇದ್ದಿದ್ದರೆ ಎಂದು ಮನಸ್ಸು ಹಂಬಲಿಸಿತು. ಕೆಳಗೆ ಗೋದಾಮಿಗೆ ಬೀಗ ಬಿದ್ದಿತ್ತು, ಸೀನುವವರೂ ಇರಲಿಲ್ಲ.

ಮಾರ್ಗಸೂಚಿಯಲ್ಲಿ ಅವನಿಗೇನು ಹುದ್ದೆ ಎಂಬ ಪ್ರಶ್ನೆಗಿಂತ ಬೇರೆಯೇ ಒಂದು ಪ್ರಶ್ನೆ ಮುಖ್ಯವಾಗಿತ್ತು. ಬೇಡವೆಂದರೆ ತನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಆಕೆ ಹೆದರಲು ಕಾರಣವಿತ್ತೇ? ಅದನ್ನು ಓದುತ್ತಿದ್ದಂತೆ ಪಾಳ್ಯದವಳ ಮಾತು ನೆನಪಾಯಿತು. ಕೊಂಬೆ ಹಾಕ್ಲಿಲ್ಲ. ಸೌದೆಯನ್ನು ಕೊಡುತ್ತಾರೆ, ಹಾಕುವುದಿಲ್ಲ. ಕೊನೇ ಸಾಲಿಗೆ ಸೌದೆಯನ್ನು ಯಾರು ಹಾಕುತ್ತಾರೆ?

ಮಾರನೆಯ ದಿನ ಬಸ್ಸು ಹತ್ತಿ ಡಿಸ್ಪೆನ್ಸರಿಗೇ ಹೋಗಿ ನರ್ಸಮ್ಮನನ್ನು ಕೇಳಿದೆ. ಅವರು ಸಿರಿಂಜು ಕುದಿಸುತ್ತಿದ್ದರು.

“ಸೌದೆ ಅಂದ್ಕೊಂಡ್ರಾ?” ಎಂದು ಮೊದಲ ಸಲ ನಕ್ಕರು. “ಹೇಳಿದ್ರೆ ತಿಳಿಯಕ್ಕಿಲ್ಲ ಲಾಯರಮ್ಮ. ಇವತ್ತು ಇಲ್ಲೇ ಮಲೀಕಳಿ. ಬೆಳಿಗ್ಗೆ ಕಣ್ಣಾರೆ ನೋಡಿ.”

ರೋಗಿಗಳ ಮಂಚದಲ್ಲಿ ಮಲಗಿದ್ದು, ಬೆಳಿಗ್ಗೆ ಅವರ ಹಿಂದೆ ತೋಟಕ್ಕೆ ಹೋದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಇಳಿಜಾರಿನ ಮೇಲೆ ಹೆಂಗಸರು ಚೀಲ ಸೊಂಟಕ್ಕೆ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು. ಕೆಂಪಗೆ ಹಣ್ಣು ತುಂಬಿದ ಗಿಡ ಕೈಗೆಟಕುವಂತಿದ್ದರೂ ಒಬ್ಬಳೂ ಮುಟ್ಟುತ್ತಿರಲಿಲ್ಲ. ಮೇಸ್ತ್ರಿ ತೋಳ ತುಂಬ ಹಾಲುವಾಣದ ನೆರಳುಮರದ ಸಣ್ಣ ಸಣ್ಣ ಕೊಂಬೆ ಅಪ್ಪಿಕೊಂಡು ಸಾಲುಗಳ ತಲೆಯ ಉದ್ದಕ್ಕೂ ನಡೆದ. ಒಂದೊಂದು ಸಾಲಿನ ಮೊದಲ ಗಿಡದ ಬುಡಕ್ಕೆ ಒಂದು ಕೊಂಬೆ ಎಸೆದು ಒಂದು ಹೆಸರು ಕೂಗಿದ. ಹೆಸರಿನವಳು ಹೋಗಿ ಕೊಂಬೆಯ ಪಕ್ಕ ನಿಂತಳು. ಹಣ್ಣು ದಟ್ಟವಾಗಿದ್ದ ಸಾಲು ಕೆಲವರಿಗೆ, ಬೋಳು ಸಾಲು ಕೆಲವರಿಗೆ. ಅದು ಮುಗಿದ ಮೇಲೆ ಹಾಜರಿ ಪುಸ್ತಕ ಹಿಡಿದು ಎಸ್ಟೇಟಿನ ರೈಟರ್ ಬಂದ. ಕೊಂಬೆಯ ಪಕ್ಕ ನಿಂತವರ ಹಾಜರಿ ಗುರುತು ಹಾಕಿದ. ಕೊಂಬೆ ಸಿಗದ ಪಾಳ್ಯದವಳು ದಾರಿಯಲ್ಲಿ ನಿಂತೇ ಇದ್ದಳು. ರೈಟರ್ ಅವಳ ಮುಂದೆಯೇ ನಡೆದು ಹೋದ, ಅವಳು ಬಂದಿರಲಿಲ್ಲ ಎಂಬಂತೆ.

ನಿಂತವಳು ಗೈರುಹಾಜರು! ಹೀಗೆ ನಾಲ್ಕು ದಿನ ನಡೆದರೆ ಲೈನಿನ ಕೋಣೆ ಬಿಡಿಸಲು ಬೇರೆ ಕಾರಣವೇ ಬೇಕಿರಲಿಲ್ಲ.

ಇಷ್ಟು ನೋಡಿದ್ದು ನನ್ನ ಕಣ್ಣು, ದಾಖಲೆಯಲ್ಲಿ ಇನ್ನೂ ‘ಇಲ್ಲ’ವೇ ಇತ್ತು. ಆಫೀಸಿಗೆ ವಾಪಸ್ಸು ಹೋಗಿ ಕೇಳಿದರೆ ಮೇಸ್ತ್ರಿಗೆ ಉತ್ತರ ಕಲಿಸಿ ಕಳಿಸುತ್ತಾರೆ ಎಂದು ಗೊತ್ತಿತ್ತು. ಮುಂದಿನ ಬೈಠಕ್ಕನ್ನು ತೋಟದಲ್ಲೇ, ಕೊಂಬೆ ಹಾಕುವ ಹೊತ್ತಿಗೇ ನಡೆಸಬೇಕು ಎಂದು ನಿರ್ಧರಿಸಿದೆ. ಮ್ಯಾನೇಜರ್ ಕೇಳಿ ಕೆಂಡವಾದರು.

“ಕಮಿಟಿ ತೋಟದಲ್ಲಿ ಕೂರುತ್ತದೆಯೇ?”

“ಕುರ್ಚಿ ಇರಬೇಕು ಅಂತ ಮಾರ್ಗಸೂಚಿಯಲ್ಲಿ ಎಲ್ಲೂ ಇಲ್ಲ ಮಾರಾಯ್ರೆ,” ಎಂದೆ. “ಮುಖ್ಯಸ್ಥೆ ಒಪ್ಪಿದರೆ ಸಾಕು.”

ಎಲ್ಲರೂ ನರ್ಸಮ್ಮನನ್ನು ನೋಡಿದರು. ಅವರು ಸೆರಗು ಸರಿಮಾಡಿಕೊಂಡು, “ನಾಳೆ ಆಗ್ಲಿ,” ಎಂದರು.

ಮರುದಿನ ಹೆಡ್ ಕ್ಲರ್ಕ್ ಬೂಟಿಗೆ ರಕ್ತ ಹೀರುವ ಇಂಬಳ ಹತ್ತದಂತೆ ಸುಣ್ಣ ಬಳಿದುಕೊಂಡು ಬಂದಿದ್ದರು. ಮಳೆಗಾಲದ ಇಂಬಳ ಚಳಿಗಾಲದಲ್ಲಿ ಎಲ್ಲಿಂದ ಬರಬೇಕು ಎಂದು ಹೆಂಗಸರು ಮುಸಿಮುಸಿ ನಕ್ಕರು. ಮೇಸ್ತ್ರಿ ಕೊಂಬೆಯ ಹೊರೆ ಅಪ್ಪಿಕೊಂಡು ಹೊರಟಾಗ ನಾನು ಅಡ್ಡ ನಿಂತೆ. ಅವನು ಏನು ಮಾಡುತ್ತಾನೆ ಎಂದು ಕೇಳಲಿಲ್ಲ. ಮ್ಯಾನೇಜರರ ಹೇಳಿಕೆಯನ್ನು ಗ್ಯಾಂಗಿನ ಮುಂದೆ ಗಟ್ಟಿಯಾಗಿ ಓದಿದೆ. ಇವನಿಗೆ ಯಾವ ಅಧಿಕಾರವೂ ಇಲ್ಲ, ಇವನ ಮಾತಿಗೆ ತೋಟದಲ್ಲಿ ಬೆಲೆಯಿಲ್ಲ, ಇವನೊಬ್ಬ ಸಾಮಾನ್ಯ ಕೂಲಿ.

“ಹೌದಾ ಮೇಸ್ತ್ರಿ? ಇದು ಸರಿಯಾ?”

ಅವನ ಮುಖ ಕೆಂಪಾಯಿತು. ಹೆಂಗಸರೆಲ್ಲ ನೋಡುತ್ತಿದ್ದರು. ಹೌದು ಎಂದುಬಿಟ್ಟಿದ್ದರೆ ಅವನು ಗೆದ್ದಿದ್ದ, ನಾನು ಸೋತಿದ್ದೆ. ಆದರೆ ಇಷ್ಟು ಜನ ಹೆಂಗಸರ ಮುಂದೆ ಸಾಮಾನ್ಯ ಕೂಲಿ ಎನಿಸಿಕೊಂಡ ಮೇಸ್ತ್ರಿ ನಾಳೆ ಅವರಿಗೆ ಹೆಸರು ಕೂಗುವುದು ಹೇಗೆ?

“ಯಾರ್ ಹೇಳಿದ್ದು?” ಎಂದ. “ಹದಿನಾರು ವರ್ಷದ ಹುಡ್ಗನಾಗಿದ್ದಾಗಿಂದ ಈ ತೋಟದಾಗೆ ಇವ್ನಿ. ನಾನು ಕೊಂಬೆ ಹಾಕ್ದೆ ಒಬ್ಳೂ ಗಿಡ ಮುಟ್ಟಂಗಿಲ್ಲ. ದೊರೆ ಬಂದು ಮುಟ್ಟು ಅಂದ್ರೂ ಮುಟ್ಟಕ್ಕಿಲ್ಲ. ಬೇಕಾದ್ರೆ ಕೇಳಿ ಇವ್ರನ್ನ!”

“ಪಾಳ್ಯದವಳಿಗೆ ನಿನ್ನೆ ಯಾಕೆ ಹಾಕಲಿಲ್ಲ?”

“ನನ್ನಿಷ್ಟ,” ಎಂದುಬಿಟ್ಟ. ಅಂದ ಮೇಲೆ ಹೆಡ್ ಕ್ಲರ್ಕರ ಪೆನ್ನು ನೋಡಿದ. ಪೆನ್ನು ಬರೆಯುತ್ತಿರಲಿಲ್ಲ. “ಬರೀರಿ,” ಎಂದರು ನರ್ಸಮ್ಮ. ಪೆನ್ನು ಬರೆಯಿತು. ಪಾಳ್ಯದವಳನ್ನೂ ಅಲ್ಲೇ ಕರೆದು ಕೇಳಿದೆ, ಈ ಸಲ ಪುಸ್ತಕದ ಪದ ಬಿಟ್ಟು. ನಿನ್ನ ಇವತ್ತಿನ ಕೆಲಸ ಯಾರ ಕೈಯಲ್ಲಿದೆ? ಆಕೆ ಕೊಂಬೆಯ ಹೊರೆಯ ಕಡೆ ಗದ್ದ ಎತ್ತಿ ತೋರಿಸಿದಳು.

ಮೇಸ್ತ್ರಿಯ ಬಗ್ಗೆ ನನಗೆ ಆ ಕ್ಷಣ ಅಯ್ಯೋ ಅನ್ನಿಸಿದ್ದು ನಿಜ. ಅವನ ಹೆಮ್ಮೆಯನ್ನೇ ಹಗ್ಗ ಮಾಡಿ ಅವನ ಕಾಲಿಗೆ ಬಿಗಿದಿದ್ದೆ. ವಕೀಲಿ ಕೆಲಸದಲ್ಲಿ ಇಂಥದ್ದು ಮಾಡಬೇಕಾಗುತ್ತದೆ, ಮಾಡಿದ ಮೇಲೆ ಊಟ ರುಚಿಸುವುದಿಲ್ಲ.

ತೀರ್ಮಾನಕ್ಕೆ ಮತ್ತೆ ಅದೇ ಹಿಂದಿನ ಕೋಣೆಯಲ್ಲಿ ಕೂತೆವು. ನನ್ನ ವಾದ ಇಷ್ಟೇ ಆಗಿತ್ತು. ಮೇಸ್ತ್ರಿ ಕೂಲಿಯಾದರೆ ಇನ್ನೊಬ್ಬ ಕೂಲಿಯ ಸಾಲಿಗೆ ಕೆಲಸ ನೋಡಲು ಹೋಗುವ ಹಕ್ಕು ಅವನಿಗಿಲ್ಲ, ಹೋದದ್ದಕ್ಕೆ ಬೇರೆ ಕಾರಣ ಹೇಳಬೇಕು. ಕೆಲಸ ನೋಡಲು ಹೋದದ್ದು ನಿಜವಾದರೆ ಅವನು ಮೇಲ್ವಿಚಾರಕ, ಹೊಣೆ ಎಸ್ಟೇಟಿನದು. ಅತ್ತ ದರಿ, ಇತ್ತ ಪುಲಿ. ಕೆಲಸದಿಂದ ತೆಗೆಯುವ ಅಧಿಕಾರ ಇಲ್ಲದಿರಬಹುದು, ಆದರೆ ಒಬ್ಬಳ ಇವತ್ತಿನ ಕೆಲಸ ಯಾರ ಕೈಯಲ್ಲಿದೆಯೋ ಅವನೇ ಅವಳ ಮೇಲ್ವಿಚಾರಕ. ಅವನಿಗೆ ಆ ಕೈ ಕೊಟ್ಟದ್ದು ಎಸ್ಟೇಟು, ಅವನು ಹಾಕಿದ ಕೊಂಬೆ ನೋಡಿ ಹಾಜರಿ ಬರೆಯುವುದೂ ಎಸ್ಟೇಟಿನ ರೈಟರ್.

ಹೆಡ್ ಕ್ಲರ್ಕ್, “ನನ್ನ ಒಪ್ಪಿಗೆ ಇಲ್ಲ,” ಎಂದು ಬರೆದು ಸಹಿ ಹಾಕಿದರು. ಈಗ ಉಳಿದದ್ದು ನರ್ಸಮ್ಮ. ಅವರು ಇಲ್ಲ ಎಂದರೂ ನಾನು ಬೈಯುವ ಹಾಗಿರಲಿಲ್ಲ. ಅವರ ತಲೆಯ ಮೇಲಿನ ಸೂರೂ ಎಸ್ಟೇಟಿನದೇ.

“ಎಷ್ಟೋ ಹೆಂಗಸ್ರು ತಲೆನೋವು ಅಂತ ಬತ್ತಾರೆ,” ಎಂದರು ಕೊನೆಗೆ. “ಬೆಂಚಿನ ಮ್ಯಾಲೆ ಕೂತ್ಕತಾರೆ. ಏನಾಯ್ತು ಅಂದ್ರೆ ಏನಿಲ್ಲ ಅಂತಾರೆ. ನಾನೂ ಮಾತ್ರೆ ಕೊಟ್ಟು ಕಳಿಸ್ತಿದ್ದೆ. ಕೊಡಿ ಇಲ್ಲಿ ಪೆನ್ನು.”

ಹೀಗೆ ಇಬ್ಬರು ಒಂದು ಕಡೆ, ಒಬ್ಬರು ಒಂದು ಕಡೆಯಾಗಿ ತೀರ್ಮಾನವಾಯಿತು. ಮೇಸ್ತ್ರಿಯನ್ನು ಆ ಗ್ಯಾಂಗಿನಿಂದ ತೆಗೆಯಬೇಕು, ಕೊಂಬೆಯನ್ನು ರೈಟರೇ ಸರದಿಯ ಪ್ರಕಾರ ಹಾಕಬೇಕು, ನಿಂತಿದ್ದ ದಿನಗಳಿಗೆ ಪಾಳ್ಯದವಳ ಹಾಜರಿ ಹಿಡಿಯಬೇಕು, ಅವಳ ಕೋಣೆ ಮುಟ್ಟಬಾರದು. ದೂರದ ನಗರದ ಕಂಪನಿಗೆ ಗಲಾಟೆ ಬೇಡವಾಗಿತ್ತು, ಒಪ್ಪಿತು. ಅವತ್ತು ನನ್ನನ್ನು ಬಿಡಲು ಜೀಪು ಬರಲಿಲ್ಲ. ಡ್ರೈವರಿಗೆ ಬೇರೆ ಕೆಲಸ ಬಂದಿದೆಯಂತೆ. ಬಸ್ಸಿನ ರಸ್ತೆಯ ತನಕ ನಡೆದೆ. ಆ ವರ್ಷ ತೋಟದವರ ಕೇಸುಗಳು ನನ್ನ ಮೆಟ್ಟಿಲು ಹತ್ತುವುದನ್ನು ಬಿಟ್ಟವು.

ಕೊಯ್ಲು ಮುಗಿಯುವ ಮೊದಲು ಕಮಿಟಿಯವರು ಒಮ್ಮೆ ಹೋಗಿ ನೋಡಬೇಕು ಎಂದು ನಾನೇ ತೀರ್ಮಾನದಲ್ಲಿ ಬರೆಸಿದ್ದೆ. ಹೋದೆ. ಮೇಲಿನ ಸಾಲುಗಳಲ್ಲಿ ಹೆಂಗಸರು ಜೋಡಿ ಜೋಡಿಯಾಗಿ ಕೊಯ್ಯುತ್ತಿದ್ದರು, ಮಾತು, ನಗು ಎಲ್ಲ ಇತ್ತು. ನನ್ನನ್ನು ಕಂಡು ಎಲ್ಲ ನಿಂತಿತು. ನಾವು ತೆಗೆಸಿದ ಮೇಸ್ತ್ರಿಯೇ ಅವರನ್ನು ಆಲೂರು ಕಡೆಯ ಊರುಗಳಿಂದ ಲಾರಿಯಲ್ಲಿ ಕರೆತರುತ್ತಿದ್ದವನು, ಹಬ್ಬಕ್ಕೆ ಊರಿಗೆ ಮುಟ್ಟಿಸುತ್ತಿದ್ದವನು. ಈಗ ಅದೆಲ್ಲ ನಿಂತುಹೋಗಿತ್ತು.

“ಪಾಳ್ಯದವಳು ಎಲ್ಲಿ?” ಎಂದೆ.

ಒಬ್ಬಳು ಕೈಯೆತ್ತದೆ ಹಳ್ಳದ ಕಡೆ ಕಣ್ಣಲ್ಲೇ ತೋರಿಸಿದಳು.

ಮತ್ತೆ ಕೊನೇ ಸಾಲು! ರೈಟರನ್ನು ಮನಸ್ಸಿನಲ್ಲೇ ಬೈಯುತ್ತ, ಜಾರುತ್ತ ಕೆಳಗಿಳಿದೆ. ಪಾಳ್ಯದವಳು ಒಬ್ಬಳೇ ಕೊಯ್ಯುತ್ತಿದ್ದಳು. ಕೆಳಗೆ ಹಳ್ಳದ ನೀರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

“ಯಾರು ನಿನ್ನನ್ನು ಇಲ್ಲಿಗೆ ಹಾಕಿದ್ದು? ಹೇಳು, ಈಗಲೇ ಹೋಗಿ ಕೇಳ್ತೇನೆ.”

“ಯಾರೂ ಹಾಕ್ಲಿಲ್ಲ ಕಣಕ್ಕ,” ಎಂದಳು. ಅಮ್ಮ ಹೋಗಿ ಅಕ್ಕ ಆಗಿದ್ದೆ. “ನಾನೇ ಕೇಳಿ ಇಸ್ಕೊಂಡೆ. ದಿನಾ ಇದೇ ಸಾಲು ಕೊಡಪ್ಪ ಅಂದೆ.”

“ಯಾಕೆ?”

“ಮೇಲೆ ಪಕ್ಕದ ಸಾಲ್ನೋರು ನನ್ ಜೊತೆ ಮಾತಾಡಕ್ಕಿಲ್ಲ.” ಹಣ್ಣು ಚೀಲಕ್ಕೆ ಹಾಕಿಕೊಂಡಳು. “ಇಲ್ಲಿ ಪಕ್ಕದಾಗೆ ಯಾರೂ ಇಲ್ವಲ್ಲ. ಮಾತಾಡ್ದಿದ್ರೂ ಏನೂ ಅನ್ಸಕ್ಕಿಲ್ಲ.”

ಮಾರ್ಗಸೂಚಿಯಲ್ಲಿ ಇದಕ್ಕೇನೂ ಇರಲಿಲ್ಲ. ವಕೀಲರ ಕೋಣೆಯ ಕಿಟಕಿ ಪಕ್ಕದ ಕುರ್ಚಿ ಕಣ್ಣಿಗೆ ಬಂತು. ಕಣ್ಣು ತುಂಬಿ ಬಂತು, ಸೀನಿದೆ ಎನ್ನಲು ಅಲ್ಲಿ ಮೆಣಸಿನ ಗೋದಾಮೂ ಇರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ಬ್ಯಾಗನ್ನು ಕಲ್ಲಿನ ಮೇಲಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಪಾಳ್ಯದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೈ ಚಾಚಿ ಹಾಲುವಾಣದ ಒಂದು ಸಣ್ಣ ಕೊಂಬೆ ಲಟಕ್ಕನೆ ಮುರಿದು, ತನ್ನ ಪಕ್ಕದ ಗಿಡದ ಬುಡಕ್ಕೆ ಹಾಕಿದಳು.

“ಇದು ನಿಮ್ದು,” ಎಂದಳು. “ಕಾಯಿ ಕೀಳ್ಬ್ಯಾಡಿ, ಹಣ್ಣು ಮಾತ್ರ.”

ನಾನು ಕೊಂಬೆಯ ಪಕ್ಕ ಹೋಗಿ ನಿಂತೆ.